ಎಂಟನೆಯ ಹಾಲ್ ಟಿಕೆಟ್

ರಾತ್ರಿ ಹನ್ನೊಂದೂವರೆಗೆ ದಿಂಬಿನ ಪಕ್ಕದಲ್ಲಿ ಫೋನು ‘ಟಿಣ್’ ಎಂದಿತು. ಆ ಹೊತ್ತಿನಲ್ಲಿ ಬರುವುದು ಒಳ್ಳೆಯ ಸುದ್ದಿಯಲ್ಲವೆಂದು ಗೊತ್ತಿದ್ದೂ ಧನಲಕ್ಷ್ಮಿ ಕನ್ನಡಕ ಹುಡುಕಿ ಓದಿದರು. ‘ನಮ್ಮ ಶಾಲೆಯ ಜವಾನ ನಂಜಯ್ಯನವರು ತೀರಿಕೊಂಡರು. ನಾಳೆ ಎರಡು ಗಂಟೆಗೆ ಮಣ್ಣು.’ ಕಳಿಸಿದವನು ಹಳೆಯ ವಿದ್ಯಾರ್ಥಿ ಕೀರ್ತಿರಾಜ್.

ದೀಪ ಹಾಕಿ ಬೀರುವಿನ ಕೆಳಖಾನೆ ಎಳೆದರು. ಪೆನ್ಷನ್ ಕಾಗದಗಳ ಅಡಿಯಲ್ಲಿ ಕಂದು ಲಕೋಟೆ ಇತ್ತು. ಇಪ್ಪತ್ತನಾಲ್ಕು ವರ್ಷಗಳಿಂದ ಇತ್ತು. ಒಳಗೆ ಎಸ್ಸೆಸ್ಸೆಲ್ಸಿಯ ಒಂದು ಹಾಲ್ ಟಿಕೆಟ್. ವಿಷಯ ಇಂಗ್ಲಿಷ್ ಒಂದೇ. ಮೂಲೆಯಲ್ಲಿ ಮೂವತ್ತಾರರ ನಂಜಯ್ಯ. ಎಣ್ಣೆ ಹಚ್ಚಿ ಬಾಚಿದ ತಲೆ, ಫೋಟೊದವನು ಬೇಡವೆಂದರೂ ತಡೆಯಲಾಗದ ಚೂರು ನಗು. ಅರ್ಧ ಎದೆಯ ಮೇಲೆ ಶಾಲೆಯ ಮೊಹರು. ಮೊಹರಿನ ಮೇಲೆ ಧನಲಕ್ಷ್ಮಿಯವರದೇ ಸಹಿ.

ನಾಳೆ ಇದನ್ನು ನಂಜಯ್ಯನ ಹೆಂಡತಿ ಲಕ್ಕಮ್ಮನ ಕೈಗೆ ಕೊಟ್ಟು, ನಡೆದದ್ದನ್ನು ಹೇಳಿ, ಬೈಸಿಕೊಂಡು ಬಂದುಬಿಡಬೇಕು ಎಂದುಕೊಂಡರು. ಲಕೋಟೆಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದರು. ನಿದ್ದೆ ಬರಲಿಲ್ಲ.

*

ಹಾಸನದಿಂದ ಎರಡು ಬಸ್ಸು ಬದಲಿಸಿ, ಹಳ್ಳಿಮೈಸೂರಿನಿಂದ ಆಟೊ ಹಿಡಿದು ಊರು ಸೇರುವಷ್ಟರಲ್ಲಿ ಹನ್ನೆರಡಾಗಿತ್ತು. ಮನೆಯ ಮುಂದಿನ ಶಾಮಿಯಾನದಡಿ ನಂಜಯ್ಯ ಮಲಗಿದ್ದರು. ಹಣೆಯ ಮೇಲೆ ಒಂದು ರೂಪಾಯಿಯ ನಾಣ್ಯ.

“ಬನ್ನಿ ಮೇಡಮ್ನೋರೆ,” ಲಕ್ಕಮ್ಮ ಕೂತಲ್ಲಿಂದಲೇ ಕೈ ಚಾಚಿದರು. “ನೋಡಿ, ನಿಮ್ ನಂಜಯ್ಯ ಎಂಗ್ ಮನ್ಗವ್ರೆ. ಉಂಡ್ರು, ಎದೆ ಉರಿ ಅಂದ್ರು. ನೀರ್ ತರಾಗಂಟ ಇರ್ನಿಲ್ಲ.”

ಧನಲಕ್ಷ್ಮಿ ಆ ಕೈ ಹಿಡಿದು ಪಕ್ಕದಲ್ಲಿ ಕೂತರು. ಬ್ಯಾಗು ಮಡಿಲಲ್ಲಿತ್ತು.

ನಂಜಯ್ಯನ ದಾಯಾದಿ ನಟರಾಜು ಕಂಬಕ್ಕೆ ಒರಗಿ ಬೀಡಿ ಹಚ್ಚಿದ. “ಮೂವತ್ತೈದ್ ವರ್ಸ ಬೆಲ್ ವಡ್ದ, ಒಂದ್ ನಿಮ್ಸ ಇಂದ್ಮುಂದಾಗ್ನಿಲ್ಲ. ರಿಟೇರಾಗಿ ನಾಕೇ ತಿಂಗ್ಳು. ಇದ್ರಲ್ ಮಾತ್ರ ಅವಸ್ರ ಬಿದ್ಬುಟ್ಟ ಕಣ್ಲಾ.”

“ಏಳ್ ಸಲ ಇಂಗ್ಲೀಸ್ ಮ್ಯಾಲೆ ದಂಡೆತ್ತೋಗಿದ್ದ,” ಎಂದ ಇನ್ನೊಬ್ಬ. “ಇಂಗ್ಲೀಸ್ನೋರೇ ದೇಸ ಬುಟ್ಟೋದ್ರು. ಇವ್ನ್ ಬುಡ್ನಿಲ್ಲ.”

ಒಂದಿಬ್ಬರು ನಕ್ಕರು. ಲಕ್ಕಮ್ಮನ ತುಟಿಯೂ ಸ್ವಲ್ಪ ಅಲುಗಿತು.

“ಅವ್ರು ಏಳ್ ಸಲ ಬಿದ್ದಿದ್ದಕ್ಕೇ ನಾನಿವತ್ತು ಚನ್ನರಾಯಪಟ್ಟಣದಲ್ಲಿ ಕಾಲೇಜ್ ಹುಡುಗ್ರಿಗೆ ಇಂಗ್ಲಿಷ್ ಹೇಳ್ಕೊಡ್ತಿರೋದು ನಟರಾಜಣ್ಣ,” ಎಂದ ಕೀರ್ತಿರಾಜ್. “ಆ ವರ್ಷ ಮೇಡಂ ಧೈರ್ಯ ಮಾಡಿ ಅವ್ರನ್ನ ಪಾಠ ಮಾಡೋಕೆ ಕ್ಲಾಸಿಗೆ ಬಿಡದೇ ಇದ್ದಿದ್ರೆ ನಮ್ ಬ್ಯಾಚಲ್ಲಿ ಒಬ್ರೂ ಪಾಸಾಗ್ತಿರ್ಲಿಲ್ಲ.”

ಎಲ್ಲರೂ ಧನಲಕ್ಷ್ಮಿಯ ಕಡೆ ನೋಡಿದರು. ಅವರು ನೆಲ ನೋಡಿದರು.

*

ಅದು ಧೈರ್ಯವಾಗಿರಲಿಲ್ಲ, ದಿಕ್ಕು ತೋಚದೆ ಮಾಡಿದ್ದು. ಆ ಜೂನ್‌ನಲ್ಲಿ ಇಂಗ್ಲಿಷ್ ಮೇಷ್ಟ್ರಿಗೆ ವರ್ಗವಾಯಿತು, ಬದಲಿ ಬರಲಿಲ್ಲ. ವಿಜ್ಞಾನ ಹೇಳಿಕೊಡುತ್ತಿದ್ದ ಧನಲಕ್ಷ್ಮಿಯವರೇ ಪ್ರಭಾರ ಮುಖ್ಯಶಿಕ್ಷಕಿ. ಇಂಗ್ಲಿಷ್ ಪೀರಿಯಡ್ಡುಗಳಿಗೂ ತಮ್ಮ ಹೆಸರನ್ನೇ ಬರೆದುಕೊಂಡರು. ತರಗತಿಗೆ ಹೋಗಲು ಮಾತ್ರ ಹೊತ್ತಿರಲಿಲ್ಲ.

ಒಂದು ದಿನ ಹತ್ತನೆಯ ತರಗತಿಯ ಗದ್ದಲ ಇದ್ದಕ್ಕಿದ್ದಂತೆ ನಿಂತದ್ದಕ್ಕೇ ಗಾಬರಿಯಾಗಿ ಹೋಗಿ ಕಿಟಕಿಯಲ್ಲಿ ನಿಂತರು. ಒಳಗೆ ನಂಜಯ್ಯ, ಕೈಯಲ್ಲಿ ಸೀಮೆಸುಣ್ಣ.

“ಈ ಪದ್ಯದಲ್ಲಿ ನಾನು ಮೂರ್ ಸಲ ಬಿದ್ದಿದೀನಿ. ಈ ಪತ್ರ ಬರಿಯೋದ್ರಲ್ಲಿ ಐದ್ ಸಲ. ಎಲ್ಲೆಲ್ಲಿ ಗುಂಡಿ ಐತೆ ನಂಗೊತ್ತು. ನೀವು ದಾಟ್ಕಂಡ್ ಓಗಿ.”

ಧನಲಕ್ಷ್ಮಿ ತಡೆಯಲಿಲ್ಲ; ಅಂದಿನಿಂದ ಆ ಪೀರಿಯಡ್ಡು ನಂಜಯ್ಯನದಾಯಿತು. ತಪ್ಪೋ ಸರಿಯೋ, ನಿಲ್ಲಿಸದೆ ಒಂದು ಇಂಗ್ಲಿಷ್ ವಾಕ್ಯ ಹೇಳಿದವರಿಗೆ ಅವತ್ತು ಬೆಲ್ ಹೊಡೆಯುವ ಸರದಿ. ತೂಗುಹಾಕಿದ ರೈಲುಕಂಬಿಯ ತುಂಡು, ಅದಕ್ಕೊಂದು ಕಬ್ಬಿಣದ ಸುತ್ತಿಗೆ. ಬಾಯೇ ಬಿಡದ ಕೀರ್ತಿರಾಜ್ ಸುತ್ತಿಗೆ ಹಿಡಿದದ್ದು ಜನವರಿಯಲ್ಲಿ. ಎಷ್ಟು ಬಾರಿಸಿದನೆಂದರೆ ಊಟದ ಬೆಲ್ಲಿಗೆ ಮಕ್ಕಳು ಚೀಲ ಎತ್ತಿಕೊಂಡು ಮನೆಗೆ ಓಡಿದ್ದವು.

*

“ಕೀರ್ತಪ್ಪ, ಇದೇನ್ ಬರ್ದೈತೆ ಓದು,” ಲಕ್ಕಮ್ಮ ಸೊಂಟದಿಂದ ಮಡಿಸಿದ ಹಾಳೆಗಳನ್ನು ತೆಗೆದುಕೊಟ್ಟರು. “ಪೆಟ್ಗೇಲಿ ಜೋಪಾನ ಮಾಡಿದ್ರು. ಪತ್ರ ಗಿತ್ರವೇನೋ ಅಂದ್ಕಂಡಿದ್ದೆ.”

ಕೀರ್ತಿರಾಜ್ ಬಿಡಿಸಿ ನೋಡಿದ. ಒಂದೊಂದೇ ಹಾಳೆ ತಿರುವಿದ. “ನಮ್ ವರ್ಷದ ಇಂಗ್ಲಿಷ್ ಪೇಪರ್ ಅತ್ತೆ. ಪೂರ್ತಿ ಉತ್ತರ ಬರೆದಿದ್ದಾರೆ. ನೂರಕ್ಕೆ ಎಪ್ಪತ್ತೊಂದು.” ಕೆಂಪು ಶಾಯಿಯ ಮೇಲೆ ಬೆರಳಿಟ್ಟ. “ಮೇಡಂ, ಇದು ನಿಮ್ಮ ಅಕ್ಷರ ಅಲ್ವಾ?”

“ಹೌದು,” ಎಂದರು ಧನಲಕ್ಷ್ಮಿ. “ಅಭ್ಯಾಸಕ್ಕೆ ಅಂತ ಬರೆದಿದ್ದರು.”

“ಎಪ್ಪತ್ತೊಂದು,” ಲಕ್ಕಮ್ಮ ಮೆಲ್ಲಗೆ ಹೇಳಿಕೊಂಡರು. “ಪರೀಕ್ಸೇಲೇ ಬರ್ದಿದ್ರೆ ಪಾಸಾಯ್ತಿರ್ನಿಲ್ವಾ? ಗುಮಾಸ್ತ್ರಾಗೋರು. ಆ ವರ್ಸ ಫೀಸೂ ಕಟ್ಟಿದ್ರು ಮೇಡಂ. ಆಲ್ ಟಿಕೀಟೇ ಬರ್ನಿಲ್ಲ ಅಂತ ಬಂದ್ ಮನಿಕ್ಕಂಡ್ರು. ಬೆಂಗ್ಳೂರ್ನೋರು ಕಳಿಸ್ನಿಲ್ವಂತೆ. ಅವ್ರ ಕೈ ಸೇದೋಗ!”

ಧನಲಕ್ಷ್ಮಿಯ ಕೈ ಜಿಪ್ಪಿನ ಮೇಲಿತ್ತು. ನಂಜಯ್ಯ ಮನೆಯಲ್ಲಿ ಹಾಗೆಂದು ಹೇಳಿಕೊಂಡಿದ್ದರೆಂದು ಅವರಿಗೆ ಗೊತ್ತಿರಲಿಲ್ಲ.

*

ಹಾಲ್ ಟಿಕೆಟ್ ಬಂದಿತ್ತು. ಸಹಿ ಹಾಕಿ ಮೊಹರು ಒತ್ತಿದ ಮೇಲೆ ಧನಲಕ್ಷ್ಮಿಗೆ ಭಯ ಹತ್ತಿತು. ಅದೇ ಮಕ್ಕಳ ನಡುವೆ ನಂಜಯ್ಯ ಕೂರುತ್ತಾರೆ. ಮಕ್ಕಳು ಸಾ, ಸಾ ಎನ್ನುತ್ತವೆ. ಪರೀಕ್ಷೆ ನೋಡಲು ಬಂದ ಅಧಿಕಾರಿಗಳು ಕೇಳುತ್ತಾರೆ, ಯಾರು ಈ ಸಾರ್ ಎಂದು. ಆಮೇಲೆ ಧನಲಕ್ಷ್ಮಿಯ ಹೆಸರಿರುವ ಪೀರಿಯಡ್ಡಿನ ಪುಸ್ತಕ ತೆರೆಸುತ್ತಾರೆ.

“ಈ ವರ್ಷ ಬೇಡ ನಂಜಯ್ಯ,” ಎಂದಿದ್ದರು. “ನನ್ನ ಕೆಲಸಕ್ಕೇ ಕುತ್ತು ಬರುತ್ತೆ. ಬರೋ ವರ್ಷ ನಾನೇ ಫೀಸ್ ಕಟ್ತೀನಿ.”

ನಂಜಯ್ಯ ಮೇಜಿನ ಮೇಲಿದ್ದ ಹಾಲ್ ಟಿಕೆಟ್ಟಿನಲ್ಲಿ ತಮ್ಮ ಫೋಟೊ ನೋಡಿದರು. “ಆಗ್ಲಿ ಮೇಡಂ,” ಎಂದು ಹೋಗಿ ಬೆಲ್ ಹೊಡೆದರು.

ಇಂಗ್ಲಿಷ್ ಪರೀಕ್ಷೆಯ ದಿನ ಕೊಠಡಿಯಿಂದ ಕೊಠಡಿಗೆ ನೀರು ಹೊತ್ತರು. ಸಂಜೆ ಉಳಿದ ಒಂದು ಪ್ರಶ್ನೆಪತ್ರಿಕೆ ಕೇಳಿ ಪಡೆದು, ವರಾಂಡದಲ್ಲಿ ಕೂತು ಬರೆದು ತಂದರು. “ಎಷ್ಟು ಬತ್ತಿತ್ತು ನೋಡಿ ಮೇಡಂ.” ಅಂಕ ಕೇಳಿ ನಕ್ಕು, ಹಾಳೆಗಳನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಮುಂದಿನ ವರ್ಷ ಫೀಸು ಕಟ್ಟಲು ಅವರೂ ಕೇಳಲಿಲ್ಲ, ಧನಲಕ್ಷ್ಮಿಯೂ ನೆನಪಿಸಲಿಲ್ಲ.

*

ಮಣ್ಣು ಮುಗಿಸಿ ಬಂದಾಗ ನಾಲ್ಕಾಗಿತ್ತು. ದೀಪದ ಹಿಂದೆ ಗೋಡೆಗೊರಗಿಸಿ ಒಂದು ಫೋಟೊ ಇಟ್ಟಿದ್ದರು. ಆಧಾರ್ ಕಾರ್ಡಿನದನ್ನೇ ಹಳ್ಳಿಮೈಸೂರಿನ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದು. ಮುಖವೆಲ್ಲ ಮಸಿ ಮೆತ್ತಿದ ಹಾಗಿತ್ತು.

“ಆದಾರ್‌ನಾಗೆ ಯಾರ್ ಮಕಾನೂ ಅವ್ರ್ ಮಕದಂಗಿರಕಿಲ್ಲ,” ಎಂದರು ಲಕ್ಕಮ್ಮ. “ಇಸ್ಕೂಲ್ನಾಗೆ ಎಲ್ಲಾರಾ ವಯಸ್ನಾಗಿನ್ ಫೋಟೊ ಇದ್ದಾತಾ ಮೇಡಂ? ಮನೇಲಿ ಒಂದೂ ಇಲ್ಲ.”

ಧನಲಕ್ಷ್ಮಿ ಬ್ಯಾಗು ತೆರೆದರು. ಬೆರಳಿಗೆ ಲಕೋಟೆಯ ಅಂಚು ಸಿಕ್ಕಿತು. ಫೋಟೊ ಮಾತ್ರ ಕಿತ್ತು ಕೊಡಬಹುದಿತ್ತು. ಅದರ ಮೇಲೂ ಅರ್ಧ ಮೊಹರು, ಅರ್ಧ ಸಹಿ. ಎದುರಿಗೆ ಕೀರ್ತಿರಾಜ್ ಕಾಫಿ ಲೋಟ ಹಿಡಿದು ನಿಂತಿದ್ದ. “ಮೇಡಂ, ಕಾರಲ್ಲಿ ಹಾಸನಕ್ಕೆ ಬಿಡ್ತೀನಿ,” ಎಂದ. ಆ ಕಣ್ಣುಗಳಲ್ಲಿ ಮಧ್ಯಾಹ್ನದ ಗೌರವ ಹಾಗೇ ಇತ್ತು.

ಅವರು ಕರವಸ್ತ್ರ ಹೊರತೆಗೆದು ಜಿಪ್ ಎಳೆದರು.

“ನೋಡ್ತೀನಿ ಲಕ್ಕಮ್ಮ. ಸಿಕ್ಕರೆ ಕಳಿಸ್ತೀನಿ.”

ಅಷ್ಟು ಹೇಳುವಷ್ಟರಲ್ಲೇ, ನಡೆದದ್ದನ್ನು ತಾವಿನ್ನು ಯಾರಿಗೂ ಹೇಳುವುದಿಲ್ಲವೆಂದು ಅವರಿಗೆ ತಿಳಿದುಹೋಯಿತು.

ಲಕ್ಕಮ್ಮ ತಲೆಯಾಡಿಸಿ, ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು, ಗಾಜಿನ ಮೇಲೆ ಧೂಳು ಕೂತಿದೆಯೆಂದು ಸೆರಗಿನ ತುದಿಯಿಂದ ಮುಖವನ್ನು ಒರೆಸತೊಡಗಿದರು. ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದರು.