ಬೇರೆ ಇದ್ದೇವೆ

ಈ ತೆರಿಗೆ ಅಧಿಕಾರಿಯ ಉಗುರಿನ ಹಳದಿ ಬಣ್ಣ ತೋರುಬೆರಳಲ್ಲಿ ಮಾತ್ರ ಕಿತ್ತುಹೋಗಿದೆ, ಕೀಬೋರ್ಡ್ ಕುಟ್ಟಿ ಕುಟ್ಟಿ ಇರಬೇಕು, ನೋಡಬಾರದು, ಆಕೆಯ ಮುಖ ನೋಡಿಯೇ ಮಾತಾಡು ಎಂದು ಲಕ್ಷ್ಮೀಶ ಮೆಟ್ಟಿಲು ಹತ್ತುವಾಗಲೂ ಹೇಳಿದರು, ಕೆಳಗೆ ನೋಡಿದ್ರೆ ಸುಳ್ಳು ಅಂತ ಗೊತ್ತಾಗುತ್ತೆ ಅನು — ಈಗ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ, ನನ್ನ ಗಂಡನೇ ಅಲ್ಲದವರ ಹಾಗೆ. ವಾರವೆಲ್ಲ ಇವರಿಗೆ ಗಡಿಯಾಚೆ ಅರುಷಾದ ಪೈಪ್ ಫ್ಯಾಕ್ಟರಿ, ಶುಕ್ರವಾರ ನಮಾಂಗಾ ಗಡಿ ದಾಟಿ ಬರುವ ಬಸ್ಸು, ನೈರೋಬಿಯ ಸೌತ್ ಬಿ ಬಡಾವಣೆಯ ಮನೆ, ಭಾನುವಾರ ಮತ್ತೆ ಬಸ್ಸು, ನಮ್ಮ ಸಂಸಾರ ಇಷ್ಟೇ, ಆದರೆ ತಾಂಜಾನಿಯಾದವರು ಸಂಬಳದಲ್ಲೇ ತೆರಿಗೆ ಹಿಡಿದುಕೊಂಡಿರುವಾಗ ನೈರೋಬಿಯವರೂ ಕೇಳುತ್ತಿದ್ದಾರೆ, ನಮ್ಮ ಲೆಕ್ಕಪತ್ರ ನೋಡುವ ಧನಂಜಯ ಹೇಳಿದ, ಸಾರ್‌ಗೆ ಇಲ್ಲಿ ಮನೆ ಅಂತ ಇದ್ರೆ ಸಾರ್ ಇಲ್ಲಿಯವ್ರೇ, ಇಲ್ಲೂ ಕಟ್ಬೇಕು, ಇಲ್ಲದಿದ್ರೆ ಬೇರೆ ಮಾತು. ಬಾಡಿಗೆ ಕರಾರು ನನ್ನ ಹೆಸರಿನಲ್ಲಿದೆ, ನನ್ನ ಔಷಧ ಕಂಪನಿ ಕೊಟ್ಟ ಮನೆ, ಇವರಿಗೆ ಹೊಳೆದದ್ದು ಅಲ್ಲೇ. ದೋಸೆ ಹುಯ್ಯುತ್ತಿದ್ದೆ, ಹಿಂದೆ ಬಂದು ನಿಂತು, ಬೇರೆ ಇದೀವಿ ಅಂದ್ಬಿಡು, ಒಂದು ವರ್ಷದಿಂದ, ಬರೀ ಮಾತು ತಾನೆ, ಎಂದರು. ಹಾಲ್‌ನಿಂದ ಮಗಳು ಪ್ರಣತಿ, ಹೂ ಈಸ್ ಲಿವಿಂಗ್ ಸೆಪರೇಟ್, ಅಮ್ಮ? ಯಾರೂ ಇಲ್ಲ ಪುಟ್ಟ, ತಿನ್ನು — ದೋಸೆ ಸೀದಿತ್ತು. ತೆರಿಗೆಯವರು ಯಾರಾದರೂ ಮನೆ ನೋಡಲು ಬಂದರೆ ಎಂದು ಬೀರುವಿನಿಂದ ತಮ್ಮ ಶರ್ಟುಗಳನ್ನೆಲ್ಲ ತೆಗೆದರು, ಎಷ್ಟು ಒಪ್ಪವಾಗಿ ಮಡಿಸಿದರು, ಒಂದು ಟವೆಲ್ ಮಡಿಸಿದವರಲ್ಲ ಈ ಮನುಷ್ಯ.

ಯಾವಾಗಿನಿಂದ ಬೇರೆ ಇದ್ದೀರಿ, ಅಧಿಕಾರಿ ಇಂಗ್ಲಿಷಿನಲ್ಲಿ ಕೇಳುತ್ತಾಳೆ, ಲಕ್ಷ್ಮೀಶರೇ ಉತ್ತರ ಕೊಡುತ್ತಾರೆ, ಎರಡು ವರ್ಷದಿಂದ ಮೇಡಂ — ಎರಡಲ್ಲ, ಒಂದು, ನಾವು ಮಾತಾಡಿಕೊಂಡದ್ದು ಒಂದು — ನಾನು ಅರುಷಾಕ್ಕೆ ಕರೆದೆ, ಇವಳು ಬರಲಿಲ್ಲ, ಎನ್ನುತ್ತಾರೆ. ಇದನ್ನು ಮನೆಯಲ್ಲಿ ಹೇಳಿಕೊಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಅರುಷಾದಲ್ಲಿ ಫ್ಯಾಕ್ಟರಿಯವರು ಸಂಸಾರಕ್ಕೆಂದು ಮನೆ ತೋರಿಸಿದ್ದರು, ಅಡುಗೆಮನೆಯ ಕಿಟಕಿಯಲ್ಲಿ ಮೇರು ಬೆಟ್ಟ, ನಾನು ಲ್ಯಾಬಿನ ಮುಖ್ಯಸ್ಥೆಯಾಗಿ ಇನ್ನೂ ಸರಿಯಾಗಿ ಕೂತಿರಲಿಲ್ಲ, ಆಗಲ್ಲ ರೀ ಎಂದೆ, ಸರಿ ಬಿಡು ಎಂದರು, ಕಾರಿನಲ್ಲಿ ರೇಡಿಯೋ ಹಾಕಿದರು, ಆಮೇಲೆ ಒಮ್ಮೆಯೂ ಎತ್ತಲಿಲ್ಲ, ನಾನು ನಿಜಕ್ಕೂ ಸರಿಹೋಯಿತೆಂದುಕೊಂಡೆ — ಇಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಈಗ ಗುರುತಿಲ್ಲದ ಹೆಂಗಸಿನ ಮುಂದೆ, ಸುಳ್ಳಿನ ಮಧ್ಯೆ, ಎಷ್ಟು ಸರಾಗವಾಗಿ. ಮಿಸೆಸ್ ಅನುರಾಧಾ, ಸೌತ್ ಬಿ ಮನೆ ಇವರದ್ದೂ ಹೌದೋ ಅಲ್ಲವೋ? ಅಲ್ಲ ಅನ್ನಬೇಕು, ಅಲ್ಲ ಎಂದರೆ ಮುಗಿಯಿತು, ಎದ್ದು ಹೋಗಬಹುದು, ಆದರೆ ಅಲ್ಲ ಎಂದರೆ ಇವರು ಈಗ ಹೇಳಿದ್ದೆಲ್ಲ ನಡೆದುಹೋದ ಹಾಗೆ, ಖಾಲಿ ಬೀರು ಖಾಲಿಯಾಗಿಯೇ ಉಳಿದ ಹಾಗೆ — ಹೌದು, ಎಂದೆ. ಪ್ರತಿ ಶುಕ್ರವಾರ ಬರುತ್ತಾರೆ, ಅದು ಅವರ ಮನೆ. ದನಿ ಜೋರಾಯಿತು, ಆಚೆ ಮೇಜಿನವರು ತಿರುಗಿದರು. ಸಾರ್, ಆ ಮನೆಯ ಕೀ ನಿಮ್ಮ ಹತ್ತಿರ ಇದೆಯೇ, ಅಧಿಕಾರಿ ಇವರನ್ನು ಕೇಳುತ್ತಾಳೆ.

ಬೆಳಗಿನಿಂದ ಮೊದಲ ಸಲ ನನ್ನತ್ತ ನೋಡುತ್ತಾರೆ, ಕೋಪವಿಲ್ಲ, ಕೋಪವಾದರೂ ಇರಬಾರದಿತ್ತೆ, ಇವಳು ಹೇಳಿದ್ದೇ ನಿಜ ಮೇಡಂ, ಇಲ್ಲಿಯ ತೆರಿಗೆಯನ್ನೂ ಕಟ್ಟುತ್ತೇನೆ, ಎನ್ನುತ್ತ ಜೇಬಿಗೆ ಕೈ ಹಾಕುತ್ತಾರೆ, ಕೀ ತೆಗೆಯುತ್ತಾರೆ, ಪ್ರಣತಿ ಮಾಸಾಯಿ ಸಂತೆಯಲ್ಲಿ ಆರಿಸಿದ ಮಣಿಯ ಜಿರಾಫೆ ಅದಕ್ಕೆ ತೂಗುತ್ತಿದೆ, ಅಧಿಕಾರಿಗೆ ತೋರಿಸುತ್ತಾರೆ, ಮೇಜಿನ ಮೇಲಿಡುತ್ತಾರೆ, ಒಂದು ಬೆರಳಿನಿಂದ ಅದನ್ನು ನನ್ನ ಕಡೆಗೆ ತಳ್ಳುತ್ತಾರೆ. ಇನ್ಮೇಲೆ ಬರಲ್ಲ ಅನು, ನಂಗೆ ಸಾಕಾಗಿದೆ. ಇಷ್ಟು ಮೆಲ್ಲಗೆ, ಕನ್ನಡದಲ್ಲಿ, ಈ ಕೋಣೆಯಲ್ಲಿ ನನಗೊಬ್ಬಳಿಗೇ ತಿಳಿಯುವ ಹಾಗೆ. ಅಧಿಕಾರಿ ಏನೋ ಹೇಳುತ್ತಿದ್ದಾಳೆ, ದಂಡ, ಬಡ್ಡಿ, ಮುಂದಿನ ತಿಂಗಳು, ತಲೆಯಾಡಿಸಬೇಕು, ಕೈ ಚಾಚಬೇಕು, ಪ್ರಣತಿಗೆ ಏನು — ಜಿರಾಫೆ ಮಗುಚಿ ಬಿದ್ದಿದೆ, ಕೀಯ ಹಲ್ಲುಗಳು ನನ್ನ ಕಡೆಗೆ, ಕೀ, ನನ್ನ ಕಡೆಗೆ