ಅಂಚಿನ ಕಾಲಾಳು

ಚದುರಂಗದಲ್ಲಿ ಬಿಳಿ ಕಾಯಿಯವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದರೆ, ತಲೆ ನೆಟ್ಟಗಿರುವವರೆಲ್ಲ ಹಲಗೆಯ ನಡುವಿನಲ್ಲೇ ಉತ್ತರ ಕೊಡುತ್ತಾರೆ. ಈ ಅಣ್ಣತಮ್ಮಂದಿರು ಮಾತ್ರ ಬಲತುದಿಯ ಕಾಲಾಳನ್ನು ಒಂದೇ ಮನೆ ಮುಂದಿಡುತ್ತಿದ್ದರು, ಯಾರೋ ಮುಂಬಾಗಿಲು ತಟ್ಟಿದರೆ ಹಿತ್ತಿಲ ಕಿಟಕಿ ತೆರೆದ ಹಾಗೆ. ಚದುರಂಗ ಸಂಘದಲ್ಲಿ ಅದಕ್ಕೆ 'ಅಣ್ಣತಮ್ಮಂದಿರ ಕಿತಾಪತಿ' ಎಂದೇ ಹೆಸರು.

ಕಿತಾಪತಿ ಹುಡುಕಿದವನು ಅಣ್ಣ. ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಪುಸ್ತಕಗಳಿಗೆ ರಟ್ಟು ಕಟ್ಟುವ ತಮ್ಮ ಹತ್ತೊಂಬತ್ತು ವರ್ಷ ಅವನೆದುರು ಕೂತು ಅದರ ಒಂದೊಂದು ತೂತನ್ನೂ ಮುಚ್ಚಿದ್ದ. ಅಣ್ಣನಿಗಿದ್ದದ್ದು ಒಂದೇ ಆಸೆ: ಸಂಘದ ವಾರ್ಷಿಕ ಪುಸ್ತಕದಲ್ಲಿ ಅದು ಗೆದ್ದು ಅಚ್ಚಾಗಬೇಕು. ಅಲ್ಲಿ ಅಚ್ಚಾಗುವುದು ಫೈನಲ್ ಆಟವೊಂದೇ, ಇವರೋ ಅದರ ಹತ್ತಿರವೂ ಸುಳಿದವರಲ್ಲ. ಈಗ ಅಣ್ಣ ಕಾಲಿನ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದು ಎರಡು ವರ್ಷ. ಸಂಘವೂ ಈ ವರ್ಷಕ್ಕೆ ಮುಚ್ಚುತ್ತಿತ್ತು. ಇಂಥ ಹೊತ್ತಿನಲ್ಲಿ ತಮ್ಮ ಹೇಗೋ ಫೈನಲ್ ತಲುಪಿದ, ಕಪ್ಪು ಕಾಯಿಯೂ ಅವನ ಪಾಲಿಗೇ ಬಂತು.

"ಮರ್ಯಾದಸ್ತನ ಥರ ಆಡ್ಬೇಡ, ನಮ್ದನ್ನೇ ಆಡು," ಎಂದು ಹಾಸಿಗೆಯಿಂದಲೇ ಅಣ್ಣ ಹೇಳಿ ಕಳಿಸಿದ್ದ.

ಎದುರಾಳಿ ಹಲ್ಲಿನ ಡಾಕ್ಟರು. ಮೊದಲ ನಡೆಗೇ ಮುಸಿಮುಸಿ ನಕ್ಕರು. ಹತ್ತನೆಯದಕ್ಕೆ ನಗು ನಿಂತಿತು. ಇಪ್ಪತ್ತನಾಲ್ಕನೆಯದಕ್ಕೆ ಕನ್ನಡಕ ತೆಗೆದು ಒರೆಸತೊಡಗಿದರು. ಅಂಚಿನಲ್ಲಿ ಅವಿತಿದ್ದ ಕರಿ ಒಂಟೆ ಹಲಗೆಯ ಉದ್ದಕ್ಕೂ ಓರೆಯಾಗಿ ಬಿಳಿ ರಾಜನ ಮನೆಯನ್ನೇ ನೋಡುತ್ತಿತ್ತು. ಇನ್ನು ಕರಿ ರಾಣಿ ಹೋಗಿ ಆ ರಾಜನ ಪಕ್ಕ ಕೂತರೆ ಮುಗಿಯಿತು. ಬಿಳಿ ರಾಣಿಯೂ ಇತ್ತ ಕರಿ ರಾಜನಿಗೆ ಹೊಂಚು ಹಾಕಿದ್ದಳು, ಆದರೆ ಅವಳನ್ನು ಒಂದು ಕರಿ ಕುದುರೆ ತಡೆದು ನಿಂತಿತ್ತು.

ತಮ್ಮ ಮೂರು ಸಲ ನೋಡಿ ಖಾತ್ರಿ ಮಾಡಿಕೊಂಡ. ಎದೆ ಹಗುರಾಯಿತು, ಅಣ್ಣನ ಮುಖ ಕಣ್ಣಿಗೆ ಕಟ್ಟಿತು. ಆಗ ಕಂಡದ್ದು, ಆ ಕುದುರೆ ಮನೆಯ ಗೆರೆಗೆ ವಾರೆಯಾಗಿ ನಿಂತಿರುವುದು. ಮೂವತ್ತು ವರ್ಷ ಹಾಳೆಗಳ ಅಂಚು ಕೂಡಿಸಿದ ಕೈ ಅದು; ವಾರೆ ಕಂಡರೆ ಯಜಮಾನನನ್ನು ಕೇಳುವುದಿಲ್ಲ. ಎರಡು ಬೆರಳಲ್ಲಿ ಕುದುರೆಯನ್ನು ನೆಟ್ಟಗೆ ಮಾಡಿತು.

"ಮುಟ್ಟಿದ್ರಿ," ಎಂದರು ಡಾಕ್ಟರು, ಮೆಲ್ಲಗೆ.

ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಬರೀ ಸರಿಮಾಡುವುದಿದ್ದರೆ ಮೊದಲು ಬಾಯಿಬಿಟ್ಟು ಹೇಳಬೇಕು. ಸಂಘದ ಪುಸ್ತಕದಲ್ಲಿ ಆ ನಿಯಮದ ಹಾಳೆಯನ್ನು ವರ್ಷವರ್ಷವೂ ಮಡಚಿ ಹೊಲಿದವನು ಅವನೇ. ತೀರ್ಪು ಕೊಡಲು ಕೂತಿದ್ದ ಟೀಚರಮ್ಮನ ಕಡೆ ನೋಡಿದ. ಅವರು ತಲೆ ತಗ್ಗಿಸಿದರು. ಕುದುರೆ ಎತ್ತ ಹಾರಿದರೂ ರಾಜ ಬಯಲಿಗೆ ಬೀಳುತ್ತಿದ್ದ. ಹಾರಿಸಿದ. ಡಾಕ್ಟರ ಮುಂದಿನ ನಡೆಗೇ ಆಟ ಮುಗಿಯಿತು.

ಮನೆಯಲ್ಲಿ ಅಣ್ಣ ಹಾಸಿಗೆಯ ಮೇಲೆ ಹಲಗೆ ಹೂಡಿಕೊಂಡು ಕಾದಿದ್ದ. ತಮ್ಮ ಸೋಲು ಗೆಲುವು ಹೇಳದೆ ಒಂದೊಂದೇ ನಡೆ ಆಡಿ ತೋರಿಸಿದ. ಇಪ್ಪತ್ತನಾಲ್ಕಕ್ಕೆ ಅಣ್ಣನ ಕಣ್ಣು ತುಂಬಿದ್ದವು.

"ಈಗ ರಾಣಿ," ಎಂದ ಅಣ್ಣ.

ತಮ್ಮ ಕುದುರೆಯನ್ನು ಎತ್ತಿದ.

"ಅದ್ಯಾಕೋ?"

"ವಾರೆಯಾಗಿತ್ತಣ್ಣ. ಕೈ ಹೋಗ್ಬಿಡ್ತು."

"ಚಿಕ್ಕೋನಿದ್ದಾಗ್ಲೂ ಹಂಗೇ ನೀನು. ತಟ್ಟೆ ನೆಟ್ಟಗಿಲ್ದೆ ಊಟಕ್ಕೇ ಕೂರ್ತಿರ್ಲಿಲ್ಲ," ಎಂದ ಅಣ್ಣ. ಬೈದಿದ್ದರೆ ತಮ್ಮ ತಡೆದುಕೊಳ್ಳುತ್ತಿದ್ದ.

ಎಂಟು ದಿನಕ್ಕೆ ಕೊನೆಯ ಪುಸ್ತಕದ ಕರಡು ಬಂತು, ತಿದ್ದಲು ಅಣ್ಣನಿಗೇ. ಬರೀ ನಡೆಗಳ ಪಟ್ಟಿ. ಕುದುರೆ ಯಾಕೆ ಹಾರಿತೆಂದು ಬರೆಯುವ ಪದ್ಧತಿ ಅಲ್ಲಿಲ್ಲ. ಕೆಳಗೆ ಕಾರ್ಯದರ್ಶಿಗಳ ಒಂದು ಸಾಲು: 'ಕಪ್ಪಿನ ಈ ರಕ್ಷಣೆ ನಂಬತಕ್ಕದ್ದಲ್ಲ'.

"ಅದೊಂದು ಸಾಲು ಹೊಡೆದು ಹಾಕಣ್ಣ. ಯಾರಿಗೆ ಗೊತ್ತಾಗತ್ತೆ?"

"ನನ್ ಕೆಲಸ ಅಕ್ಷರ ನೋಡೋದು ಕಣೋ, ಅಭಿಪ್ರಾಯ ನೋಡೋದಲ್ಲ." ಸಾಲಿನ ಕೊನೆಗೆ ಪೂರ್ಣವಿರಾಮ ಬಿಟ್ಟುಹೋಗಿತ್ತು. ಅಣ್ಣ ಕೆಂಪು ಪೆನ್ನಿನಲ್ಲಿ ಅದನ್ನು ಇಟ್ಟು, ಸಹಿ ಮಾಡಿ, ಗೋಡೆಯ ಕಡೆ ತಿರುಗಿ ಮಲಗಿದ. ಹಲಗೆಯನ್ನು ಮತ್ತೆ ಕೇಳಲಿಲ್ಲ.

ನೂರು ಪ್ರತಿ ರಟ್ಟಿಗೆ ಬಂದವು, ನೂರರಲ್ಲೂ ಆ ಸಾಲು. ತಮ್ಮ ಹಾಳೆಗಳನ್ನು ಮೇಜಿಗೆ ಕುಟ್ಟಿ ಅಂಚು ಕೂಡಿಸಿದ. ಒಂದು ಪ್ರತಿಯಾದರೂ ವಾರೆಯಾಗಿ, ಕೆಟ್ಟು ಹೋಗಲಿ ಎಂದು ಬೇಕೆಂದೇ ಸಡಿಲ ಹಿಡಿದು ನೋಡಿದ. ಕೈ ಕೇಳಲಿಲ್ಲ. ನೂರೂ ನೆಟ್ಟಗೆ ಕೂತವು.