ಕುದಿಸಿದ ಮೇಲೆ ಕಂಡದ್ದು

ಹಾನಗಲ್ಲಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ತಂತ್ರಜ್ಞೆ ಸಂಪದಾ ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿದಳು. ಹಂಸಭಾವಿಯ ಅಂಕಿತಾ ಎಂಬ ಹುಡುಗಿಯ ರಕ್ತದಿಂದ ಬೆಳೆಸಿದ ಬ್ಯಾಕ್ಟೀರಿಯಾಕ್ಕೆ ಟೈಫಾಯಿಡ್ ಪ್ರತಿಕಾಯಗಳ ಹನಿ ಸೇರಿಸಿದ್ದಳು. ಅವು ಬ್ಯಾಕ್ಟೀರಿಯಾದ ಮೈಮೇಲಿನ ಗುರುತಿನ ಅಂಶವಾದ ಪ್ರತಿಜನಕವನ್ನು ಹಿಡಿದುಕೊಂಡರೆ ಹನಿಯು ಒಡೆದ ಹಾಲಿನಂತೆ ಗಂಟುಗಟ್ಟಬೇಕು. ಗಂಟು ಮೂಡಲಿಲ್ಲ.

“ಟೈಫಾಯಿಡ್ ಅಲ್ಲ ಅಂತ ಕಳಸ್ತೇನಿ,” ಎಂದು ಮಾಲೀಕ ವಾದಿರಾಜ ಮೊಬೈಲ್ ತೆಗೆದರು. “ಹಿರೇಕೆರೂರಿನ ಡಾಕ್ಟರು ಮುಂಜಾನಿಂದ ಫೋನ್ ಹಚ್ಚಾಕತ್ತಾರ.”

“ತಡೀರಿ ಸರ್. ಒಮ್ಮೊಮ್ಮೆ ಮ್ಯಾಲೊಂದು ಪದರ ಇದ್ದು ಪ್ರತಿಜನಕಾನ ಮುಚ್ಚಿರ್ತದ್ರಿ. ಕುದಿಸಿದ್ರ ಆ ಪದರ ಹೋಗ್ತದ. ಮತ್ತೊಮ್ಮೆ ನೋಡಬೇಕ್ರಿ.”

“ಕುದಸಾಕ ಅದೇನು ಚಹಾ ಏನವಾ? ಸಕ್ಕರಿ ಎಷ್ಟು ಹಾಕ್ತಿ?”

ಅವರು ನಗುತ್ತಲೇ ವರದಿ ಕಳಿಸಿದರು. ಸಂಪದಾ ಅದೇ ಬ್ಯಾಕ್ಟೀರಿಯಾ ಇದ್ದ ಗಾಜಿನ ನಳಿಕೆಯನ್ನು ಕುದಿನೀರಿನಲ್ಲಿಟ್ಟಳು.

ಆರಿದ ದ್ರಾವಣಕ್ಕೆ ಅದೇ ಪ್ರತಿಕಾಯ ಬಿದ್ದೊಡನೆ ಹನಿ ಗಂಟುಗಟ್ಟಿತು. ಪಕ್ಕದಲ್ಲಿ ಹೋಲಿಕೆಗೆಂದು ಬರೀ ಉಪ್ಪುನೀರು ಬೆರೆಸಿದ ಹನಿ ತಿಳಿಯಾಗಿಯೇ ಇತ್ತು. ಟೈಫಾಯಿಡ್ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ.

“ಡಾಕ್ಟರಿಗೆ ಫೋನ್ ಮಾಡ್ರಿ ಸರ್.”

“ವಾಟ್ಸಾಪಿನಾಗ ಹಳೇ ವರದಿ ಕೆಳಗ ಹೊಸಾದು ಹಾಕೇನಿ. ನೋಡ್ತಾರ ಬಿಡು. ಫೋನ್ ಮಾಡಿ ತಪ್ಪಾತು ಅಂತ ಡಂಗುರ ಹೊಡೀಬೇಕೇನು?”

ಸಂಪದಾಳೂ ಫೋನ್ ಮಾಡಲಿಲ್ಲ. ವೈದ್ಯರು ಮೊದಲ ವರದಿ ನೋಡಿ ಆಗಲೇ ಟೈಫಾಯಿಡ್ ಇರಬಹುದೆಂದು ಕೊಡುತ್ತಿದ್ದ ಇಂಜೆಕ್ಷನ್ ನಿಲ್ಲಿಸಿ, ಹುಡುಗಿಯನ್ನು ಮನೆಗೆ ಕಳಿಸಿದ್ದರು. ಎರಡನೆಯದನ್ನು ಅವರು ನೋಡಲೇ ಇಲ್ಲ.

ಮರುವಾರ ಅಂಕಿತಾಳ ತಾಯಿ ಸುಶೀಲವ್ವ ಪ್ರಯೋಗಾಲಯಕ್ಕೆ ಬಂದಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕರುಳು ತೂತಾಗಿ ಹುಡುಗಿ ತೀರಿಕೊಂಡಿದ್ದಳು.

“ಅಲ್ಲೀತನಾ ಬರೇ ಗಂಜಿ ಕುಡಿಸಿದ್ನಿ. ಟೈಫಾಯಿಡ್ ಅಲ್ಲ ಅಂದ್ರಂತ ರೊಟ್ಟಿ ತಿನ್ನಿಸಿದ್ನಿ. ನೀನ ಕೊಂದಿ ಅಂತಾರ ನಮ್ಮ ಅತ್ತಿ. ಖರೇನವ್ವಾ?”

“ರೊಟ್ಟಿಯಿಂದ ಅಲ್ಲರಿ ಅವ್ವಾರ. ಟೈಫಾಯಿಡೇ ಇತ್ರಿ. ತಪ್ಪು ವರದಿ ಕಳಿಸಿದವರು ನಾವು. ಅದಕ್ಕ ಔಷಧ ನಿಂತು ಹಿಂಗಾತ್ರಿ.”

ಸುಶೀಲವ್ವ ಮೇಜಿನ ಮೇಲಿದ್ದ ಪೆನ್ನನ್ನು ಅವಳ ಮುಂದೆ ಸರಿಸಿದಳು.

“ಬರದು ಕೊಡವಾ.”

“ಸಂಪದಾ, ಅದು ಕೋರ್ಟಿಗೆ ಹೋಗ್ತದ,” ಎಂದರು ವಾದಿರಾಜ.

“ಹೋಗಲ್ರಿ.”

ಬರೆದು ಮುಗಿಸಿದಾಗ ಸುಶೀಲವ್ವ ಹಾಳೆಯನ್ನು ಮುಟ್ಟಲಿಲ್ಲ. “ಹೊರಗ ಬಂದು ಓದವಾ. ಅತ್ತಿ ಗಾಡಿಯಾಗ ಕುಂತಾರ.”

ಸಂಪದಾ ಟಂಟಂ ಗಾಡಿಯ ಪಕ್ಕದಲ್ಲಿ ನಿಂತು ಒಂದಕ್ಷರವೂ ಬಿಡದೆ ಓದಿದಳು. ಮುದುಕಿ ಕೊನೆಯವರೆಗೂ ಕೇಳಿ, ಸೊಸೆಯ ಕಡೆಗೊಮ್ಮೆ ನೋಡಿ, ಸಂಪದಾಳನ್ನು ಕೇಳಿದಳು:

“ಇದನ್ನ ಆವತ್ತ ಯಾಕ ಹೇಳಲಿಲ್ಲ?”